ಬಿಸಿಲಿಗೆ ಹಾಕಿದ ಕಸ

ನಮ್ಮ ರಾಮಕೃಷ್ಣನಗರದ ಬೀದಿಯಲ್ಲಿ ಕಸದ ಮಾತು ಬಂದರೆ ಎಲ್ಲರೂ ವಿದ್ವಾಂಸರು. ಮೈಸೂರಿಗೆ ಸ್ವಚ್ಛ ನಗರವೆಂಬ ಹೆಸರು ಬಂದದ್ದು ತಮ್ಮಿಂದಲೇ ಎಂದು ಪ್ರತಿ ಮನೆಯವರೂ ನಂಬಿದ್ದಾರೆ. ಆ ಹೆಸರು ಕೈತಪ್ಪಿದ ವರ್ಷ ಮಾತ್ರ ಅದು ಪಕ್ಕದ ಬೀದಿಯವರ ತಪ್ಪು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟಿದ್ದು ನಂಜನಗೂಡಿನ ಕಡೆಯ ಹಳ್ಳಿಯೊಂದರ ಒಕ್ಕಲು ಮನೆಯಲ್ಲಿ. ಅಲ್ಲಿ ಕಸಕ್ಕೆ ದರವೂ ಇರಲಿಲ್ಲ, ಸಮಿತಿಯೂ ಇರಲಿಲ್ಲ. ಹಿತ್ತಿಲಿನಲ್ಲಿ ತಿಪ್ಪೆ ಇತ್ತು, ಮನೆಯ ಕಸವೆಲ್ಲ ಅದಕ್ಕೆ ಬೀಳುತ್ತಿತ್ತು, ವರ್ಷಕ್ಕೊಮ್ಮೆ ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಿದ್ದರು. ಇದನ್ನು ನಮ್ಮ ಬೀದಿಯ ಸಭೆಯೊಂದರಲ್ಲಿ ಹೇಳಿದೆ. ಎಲ್ಲರೂ ಮೂಗು ಮುಚ್ಚಿಕೊಂಡವರಂತೆ ಮುಖ ಮಾಡಿ, ಕಾಫಿಗೆ ಎದ್ದರು.

ಹೋದ ಬೇಸಿಗೆಯ ಆರಂಭದಲ್ಲಿ ವಾರ್ಡಿನ ಆರೋಗ್ಯ ನಿರೀಕ್ಷಕರು ನಮ್ಮ ಪಾರ್ಕಿಗೆ ಬಂದರು. ತೆಳ್ಳಗಿನ, ವಿನಯವಂತ ಮನುಷ್ಯ. ಪ್ರಾಯೋಗಿಕವಾಗಿ ಒಂದು ಬೀದಿಯನ್ನು ಆರಿಸಿಕೊಂಡಿದ್ದೇವೆ, ಅದು ನಿಮ್ಮದೇ ಎಂದರು. ಹಸಿಕಸಕ್ಕೆ ಇನ್ನು ಮೇಲೆ ತೂಕದ ಮೇಲೆ ದರ. ಕಾಗದ, ಪ್ಲಾಸ್ಟಿಕ್ಕು, ಬಾಟಲಿ, ರಟ್ಟಿನ ಡಬ್ಬಗಳನ್ನು ಬೇರೆ ಮಾಡಿ ಕೊಟ್ಟರೆ ಬಿಟ್ಟಿ. ಎರಡನ್ನೂ ಬೆರೆಸಿ ಕೊಟ್ಟರೆ ದುಪ್ಪಟ್ಟು. ಜನ ದುಡ್ಡಿಗೆ ಹೆದರಿ ಕಸ ಬೇರ್ಪಡಿಸುತ್ತಾರೆ, ತರಕಾರಿ ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳುತ್ತಾರೆ, ಮರುಬಳಕೆ ಹೆಚ್ಚುತ್ತದೆ ಎಂಬುದು ಅವರ ಲೆಕ್ಕಾಚಾರ. ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ಅವರು ನಮ್ಮ ಬೀದಿಯನ್ನು ನೋಡಿರಲಿಲ್ಲ ಅಷ್ಟೇ.

ಸಭೆ ಕಾವೇರಿತು. ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು ಯಾವುದೋ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಯಾವ ಹೊಸ ವಿಷಯ ಬಂದರೂ ಮೊದಲು ಅದರ ಅಪವಾದಗಳನ್ನು ಕೇಳುವುದು ಅವರ ಪದ್ಧತಿ. "ಹಬ್ಬದ ದಿನ ರಿಯಾಯಿತಿ ಉಂಟೋ? ಆಯುಧಪೂಜೇಲಿ ಬೂದುಗುಂಬಳಕಾಯಿ ರಸ್ತೇಲಿ ಒಡೀತೀವಿ. ಅದು ಮನೆ ಕಸವೋ, ರಸ್ತೆ ಕಸವೋ?" ಎಂದರು. ನಿರೀಕ್ಷಕರು ಬರೆದುಕೊಂಡರು. ಒಬ್ಬರು, ನೆಂಟರು ಬಂದು ತಿಂದ ಬಾಳೆಹಣ್ಣಿನ ಸಿಪ್ಪೆಗೆ ನಾವೇಕೆ ತೆರಬೇಕು ಎಂದರು. ಇನ್ನೊಬ್ಬರು ಎಳನೀರಿನ ಬುರುಡೆಯನ್ನು ಔಷಧಿಯ ಲೆಕ್ಕಕ್ಕೆ ಸೇರಿಸಬೇಕೆಂದು ಡಾಕ್ಟರ ಚೀಟಿಯನ್ನೇ ತೋರಿಸಿದರು. ಬಾಡಿಗೆಯವರ ಕಸ ಭಾರವೋ ಮಾಲೀಕರದೋ ಎಂಬುದರ ಮೇಲೆ ಸಣ್ಣ ಜಗಳವೂ ಆಯಿತು. ಮರುಬಳಕೆಯ ಬಗ್ಗೆ ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಮರುವಾರದಿಂದ ಕಸದ ಗಾಡಿಯ ಹಿಂಬದಿಯ ಕಂಬಿಗೆ ಕೊಕ್ಕೆಯ ತಕ್ಕಡಿಯೊಂದು ನೇತಾಡತೊಡಗಿತು. ಗಾಡಿಯ ಜೊತೆ ಸೀಟಿ ಊದುತ್ತ ಬರುವ ಹೆಂಗಸು ಬಹಳ ಕಾಲದಿಂದ ನಮ್ಮ ಬೀದಿಯವಳೇ ಆಗಿಹೋಗಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಗಟ್ಟಿ ಗಂಟಲು, ಬಲಗಡೆಯ ರಟ್ಟೆಯಲ್ಲಿ ಸದಾ ನೋವು. ಗಾಡಿಯ ಅಂಚು ಅವಳ ಹೆಗಲಿನ ಎತ್ತರಕ್ಕಿದೆ. ಪ್ರತಿ ಬಕೆಟ್ಟನ್ನೂ ಅಲ್ಲಿಯವರೆಗೆ ಎತ್ತಿ ಸುರಿಯಬೇಕು. ಡ್ರೈವರು ಕೆಳಗಿಳಿಯುವುದಿಲ್ಲ. ಅದು ಅವನ ಕೆಲಸವಲ್ಲ ಎಂದು ಅವನೂ ಹೇಳುತ್ತಾನೆ, ಅವನ ಮೊಬೈಲೂ ಹೇಳುತ್ತದೆ. ಗಾಡಿಯಾಕೆಯ ಮನೆ ದಟ್ಟಗಳ್ಳಿಯ ಕಡೆ, ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ. ಕೆಲಸದ ನಡುವೆ ಓಡಿಹೋಗಿ, ಕಣ್ಣು ಕಾಣದ ಅತ್ತೆಗೆ ತಿಂಡಿ ಕೊಟ್ಟು ಓಡಿಬರುತ್ತಿದ್ದಳು. "ಕಣ್ ಕಾಣ್ಸಕಿಲ್ಲ ಕಣಮ್ಮ, ಬಾಯಿ ಮಾತ್ರ ಚೆಂದಾಗೈತೆ. ಒಂಚೂರು ತಡ ಆದ್ರೆ ಇಡೀ ಬೀದಿಗೆ ಕೇಳೋ ಅಂಗೆ ನನ್ನ ಜನ್ಮ ಜಾಲಾಡ್ತದೆ" ಎನ್ನುತ್ತಿದ್ದಳು. ಬೈದುಕೊಂಡೇ ಓಡುತ್ತಿದ್ದಳು, ಒಂದು ದಿನವೂ ತಪ್ಪಿಸಿದ್ದನ್ನು ನಾನು ಕಾಣೆ.

ತಕ್ಕಡಿ ಬಂದ ಮೇಲೆ ನಮ್ಮವರಿಗೆ ಗಾಬರಿಯಾಯಿತು. ಡಾಕ್ಟರು ಎಷ್ಟು ಹೇಳಿದರೂ ತಮ್ಮ ತೂಕ ನೋಡಿಕೊಳ್ಳದವರು ಕಸದ ತೂಕವನ್ನು ಬಗ್ಗಿ ಬಗ್ಗಿ ನೋಡತೊಡಗಿದರು. ಮುಳ್ಳು ಸರಿಯಿಲ್ಲ ಎಂದರು. ಗಾಳಿಗೆ ತೂಗಾಡಿ ಜಾಸ್ತಿ ತೋರಿಸುತ್ತದೆ ಎಂದರು. ಕಾಸು ಏನೂ ದೊಡ್ಡದಲ್ಲ, ಎಲ್ಲರೂ ಭಾನುವಾರ ಹೋಟೆಲಿನಲ್ಲಿ ದೋಸೆ ತಿಂದು ಮೇಲೆ ಟಿಪ್ಸು ಇಡುವವರೇ. ಆದರೆ ಎಸೆಯುವ ಸಿಪ್ಪೆಗೆ ಕಾಸು ಕೊಡುವುದೆಂದರೆ ಹೊಟ್ಟೆ ಉರಿಯುತ್ತದೆ. ನನಗೂ ಉರಿಯಿತು, ಸುಳ್ಳೇಕೆ ಹೇಳಲಿ?

ದಾರಿ ತೋರಿಸಿದವರು ನಮ್ಮ ಎದುರು ಮನೆಯವರು, ನನ್ನ ಬಹುಕಾಲದ ಗೆಳತಿ. ಹಪ್ಪಳ ಸಂಡಿಗೆಯಲ್ಲಿ ಅವರನ್ನು ಮೀರಿಸುವವರು ಕುವೆಂಪುನಗರದ ತನಕ ಹುಡುಕಿದರೂ ಸಿಗುವುದಿಲ್ಲ. ಬೇಸಿಗೆ ಬಂತೆಂದರೆ ಅವರ ತಾರಸಿಯ ಮೇಲೆ ಹಳೆಯ ರೇಷ್ಮೆ ಪಂಚೆಗಳು ಹಾಸಿಕೊಳ್ಳುತ್ತವೆ, ಕಾಗೆ ಬರದಿರಲೆಂದು ಕಪ್ಪು ಕೊಡೆ ಬಿಡಿಸಿಕೊಳ್ಳುತ್ತದೆ. ಆ ಸಲ ಸಂಡಿಗೆ ಇಡುತ್ತ ಇಡುತ್ತ, ಅಷ್ಟು ದೊಡ್ಡ ಪಾತ್ರೆಯ ಹಿಟ್ಟು ಒಣಗಿದ ಮೇಲೆ ಒಂದು ಡಬ್ಬಕ್ಕೆ ಇಳಿಯುತ್ತದಲ್ಲ ಎಂಬುದು ಅವರಿಗೆ ಹೊಳೆದಿದೆ. ಮರುದಿನ ಪಂಚೆಯ ಒಂದು ಅಂಚಿನಲ್ಲಿ ಸೋರೆಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ ಸಾಲಾಗಿ ಕೂತವು. ಸಂಜೆ ಗೇಟಿನ ಹತ್ತಿರ ನನ್ನನ್ನು ಕರೆದು, ಚಿನ್ನದ ಅಂಗಡಿಯ ವಿಷಯ ಹೇಳುವವರ ದನಿಯಲ್ಲಿ, "ನೀರೇ ಕಣ್ರೀ ತೂಕ ಬರೋದು. ಎರಡು ಬಿಸಿಲು ಸಾಕು. ಬಕೆಟ್ಟು ಎತ್ತಿದ್ರೆ ಹೂವು ಹೂವು!" ಎಂದರು.

ಸುದ್ದಿ ಎಷ್ಟು ಬೇಗ ಹರಡಿತೆಂದರೆ, ವಾರ ಕಳೆಯುವುದರೊಳಗೆ ಇಡೀ ಬೀದಿಯ ತಾರಸಿಗಳ ಮೇಲೆ ಕಸ ಒಣಗುತ್ತಿತ್ತು. ಸಂಘದ ವಾಟ್ಸಾಪಿನಲ್ಲಿ ಬೆಳಗಿನ ಶುಭಾಶಯದ ಬದಲು ಹವಾಮಾನ ಬರತೊಡಗಿತು. ಮೋಡ ಕಂಡರೆ ಹೆಂಗಸರು "ಕಸ ತೆಗೀರೀ, ಕಸ ತೆಗೀರೀ" ಎಂದು ಒಬ್ಬರನ್ನೊಬ್ಬರು ಕೂಗಿ, ಮೆಟ್ಟಿಲು ಹತ್ತಿ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಈ ಖಾತೆ ನನ್ನ ಯಜಮಾನರದು. ಒಂದು ದಿನವೂ ಸಂಡಿಗೆ ಕಾಯದ ಮನುಷ್ಯ ಟೋಪಿ ಹಾಕಿಕೊಂಡು, ಪೇಪರು ಹಿಡಿದು, ಹಾಗಲಕಾಯಿಯ ತಿರುಳನ್ನು ಕಾಗೆಯಿಂದ ಕಾಯುತ್ತ ಮಧ್ಯಾಹ್ನವೆಲ್ಲ ಕೂರುತ್ತಿದ್ದರು. "ಅದನ್ನ ಒಂದು ಕುಂಡದಲ್ಲಿ ಹಾಕಿ ಮಣ್ಣು ಮುಚ್ಚಿದ್ರೆ ಗೊಬ್ಬರ ಆಗುತ್ತಲ್ರೀ" ಎಂದೆ. "ವಾಸನೆ ಬರುತ್ತೆ, ನೆಂಟರು ಏನಂದಾರು?" ಎಂದರು. ನೆಂಟರಿಗೆ ತಾರಸಿಯ ಮೇಲೆ ಸಾಲಾಗಿ ಒಣಗುತ್ತಿರುವ ಕಸ ಕಂಡರೆ ಪರವಾಗಿಲ್ಲ.

ಹಾಗೆ ಕಂಡೇಬಿಟ್ಟಿತು. ಎದುರು ಮನೆಯವರ ನಾದಿನಿ ಯಾದವಗಿರಿಯಿಂದ ಬಂದವರು, ತಾರಸಿ ಹತ್ತಿ, ಪಂಚೆಯ ಮೇಲಿನ ಕಪ್ಪು ಸುರುಳಿಗಳನ್ನು ನೋಡಿ "ಇದ್ಯಾವ ಸಂಡಿಗೆ ಅತ್ತಿಗೆ?" ಎಂದರು. ನಾನು ಅಲ್ಲೇ ನಿಂತಿದ್ದೆ. ಎದುರು ಮನೆಯವರು ಒಂದು ಗಳಿಗೆಯೂ ತಡವರಿಸದೆ, "ಬಾಳೆ ಸಿಪ್ಪೇದು, ಶುಗರಿಗೆ ಒಳ್ಳೇದಂತೆ" ಎಂದರು. ನಾದಿನಿಗೆ ಶುಗರಿತ್ತು. ಒಂದು ಕವರಿನ ತುಂಬ ಕಟ್ಟಿಸಿಕೊಂಡು ಹೋದರು. ಮಾರನೆಯ ದಿನ ಫೋನು ಮಾಡಿ, ಎಣ್ಣೆ ಕುಡಿಯಲಿಲ್ಲ, ಚೆನ್ನಾಗಿತ್ತು, ಉಪ್ಪು ಒಂದಿಷ್ಟು ಸಾಲದು ಎಂದರಂತೆ. ಇಡೀ ಯೋಜನೆಯಲ್ಲಿ ನಿಜವಾಗಿ ಮರುಬಳಕೆಯಾದ ಹಸಿಕಸ ಅದೊಂದೇ.

ಗಾಡಿಯಾಕೆಗೂ ಮೊದಮೊದಲು ಖುಷಿ. ಬಕೆಟ್ಟು ಒಂದೇ ಕೈಯಲ್ಲಿ ಎತ್ತಿ ಸುರಿಯುತ್ತ, "ಈ ಬೀದೀಲಿ ಜನ ಊಟ ಬುಟ್ಬುಟ್ರಾ ಎಂಗೆ?" ಎಂದು ನಗುತ್ತಿದ್ದಳು. ರಟ್ಟೆಗೆ ಹಚ್ಚುವ ಮುಲಾಮು ಕೊಂಡೇ ಎಷ್ಟೋ ದಿನವಾಯಿತು ಎಂದಳು. ಒಣಗಿಸುವ ಗುಟ್ಟು ಅವಳಿಗೆ ಗೊತ್ತಿತ್ತು, ತಲೆಯೆತ್ತಿದರೆ ತಾರಸಿ ಕಾಣುತ್ತದೆ. ಆದರೆ ಅವಳು ಯಾರ ಮುಂದೆಯೂ ಆಡಲಿಲ್ಲ. ಹಗುರವಾದದ್ದನ್ನು ಯಾರು ತಾನೇ ದೂರುತ್ತಾರೆ?

ಒಂದು ಬೆಳಿಗ್ಗೆ ಅವಳು ಸೀಟಿ ಊದಲಿಲ್ಲ. ನಮ್ಮ ಗೇಟಿನ ಹತ್ತಿರ ಬಂದು ನಿಂತಳು. "ಅಮ್ಮಾ, ನಿಮ್ಮ ಬೀದೀಲಿ ಕಸಾನೇ ಇಲ್ವಂತೆ. ಗಾಡಿ ಇನ್ಮೇಲೆ ದಿನ ಬುಟ್ಟು ದಿನ ಬತ್ತದಂತೆ. ನನ್ನ ದೇವರಾಜ ಮೊಹಲ್ಲಾಕ್ಕೆ ಹಾಕ್ಬುಟ್ಟವ್ರೆ, ಮಾರ್ಕೆಟ್ ಕಡೆಗೆ" ಎಂದಳು. ಅಲ್ಲಿಯ ಕಸ ಏನೆಂದು ನನಗೆ ಗೊತ್ತು. ಕೊಳೆತ ಟೊಮೆಟೊ, ನೆನೆದ ಬಾಳೆಎಲೆ, ಹೂವಿನ ರಾಶಿ. "ರಟ್ಟೆ ಏನಾರ ಆಗ್ಲಿ, ಎಂಗೋ ಎತ್ತೀನಿ. ಅಲ್ಲಿಂದ ಮನೆಗೆ ಓಡಿ ಬರಕಾಯ್ತದಾ? ಅತ್ತೆಗೆ ತಿಂಡಿ ಯಾರು ಕೊಡಾರು ಹೇಳಿ? ಹೋದ್ವರ್ಸ ತಾನೇ ಒಲೆ ಹಚ್ಚಕೋಗಿ ಸೀರೆ ಸುಟ್ಕಂಡಿತ್ತು" ಎಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಕಸ ಕಡಿಮೆಯಾಗಿದ್ದರೆ ಬೇರೆ ಮಾತು. ನಮ್ಮ ತಾರಸಿಯ ಬಿಸಿಲಿಗೆ ಇವಳ ಅತ್ತೆ ಹಸಿದು ಕೂರಬೇಕೇ?

ನೇರ ಅಧ್ಯಕ್ಷರ ಮನೆಗೆ ಹೋದೆ. ಅವರು ಭಾಷಣ ಬರೆಯುತ್ತಿದ್ದರು. ಕಸ ಕಡಿಮೆ ಮಾಡಿದ್ದಕ್ಕೆ ನಮ್ಮ ಬೀದಿಗೆ ಸನ್ಮಾನವಂತೆ, ಭಾನುವಾರ ಪಾರ್ಕಿನಲ್ಲಿ ಶಾಲು, ಹಣ್ಣಿನ ಬುಟ್ಟಿ. "ಆ ಹೆಂಗಸಿನ ವಿಷಯ ಆಡಳಿತಕ್ಕೆ ಸೇರಿದ್ದು ಮೇಡಂ, ನಾವು ಮಧ್ಯ ಪ್ರವೇಶ ಮಾಡಬಾರದು" ಎಂದರು. ಅಲ್ಲಿಂದ ಎದುರು ಮನೆಯ ತಾರಸಿಗೆ ಹೋದರೆ, ಅವರು "ಅಯ್ಯೋ ಪಾಪ" ಎಂದರು. ಹಾಗೆನ್ನುತ್ತಲೇ ಪರಂಗಿ ಸಿಪ್ಪೆಯನ್ನು ಮಗುಚಿ ಹಾಕಿದರು. "ನಾವೆಲ್ಲ ಒಣಗಿಸ್ತಿದೀವಿ ಅಂತ ಹೋಗಿ ಹೇಳೋಣ ಬನ್ನಿ" ಎಂದು ನಾನಂದದ್ದೇ ತಡ, "ಸನ್ಮಾನ ಆಗ್ಲಿ ಇರಿ, ಆಮೇಲೆ ನೋಡೋಣ" ಎಂದರು. ಆಗಲೇ ಶಾಲಿಗೆ ಹೊಂದುವ ಸೀರೆ ತೆಗೆದಿಟ್ಟಿದ್ದರು.

ಭಾನುವಾರ ಪಾರ್ಕಿನಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ, ಮೈಕು. ನಿರೀಕ್ಷಕರ ಜೊತೆಗೆ ಅವರ ಮೇಲಿನ ಅಧಿಕಾರಿಯೊಬ್ಬರೂ ಬಂದಿದ್ದರು. ಹಿರಿಯರು, ಮೇಡಂ ಆಗಿದ್ದವರು ಎಂದು ನನಗೂ ನಾಲ್ಕು ಮಾತಿಗೆ ಅವಕಾಶ ಇಟ್ಟಿದ್ದರು. ಅದು ಅವರು ಮಾಡಿದ ತಪ್ಪು. ನಾನು ಯಜಮಾನರು ಕಾದು ಒಣಗಿಸಿದ್ದ ಮೂಟೆಯನ್ನೂ, ಒಂದು ಖಾಲಿ ಬಕೆಟ್ಟನ್ನೂ, ಬಿಂದಿಗೆ ನೀರನ್ನೂ ತಂದಿದ್ದೆ. ಗಾಡಿಯಾಕೆಯಿಂದ ಆ ಕೊಕ್ಕೆ ತಕ್ಕಡಿಯನ್ನೂ ಇಸಿದುಕೊಂಡಿದ್ದೆ. ಅವಳು ಶಾಮಿಯಾನದ ಹಿಂದೆ, ಕಾಗದದ ಲೋಟ ಆಯಲು ಕಾದು ನಿಂತಿದ್ದಳು.

"ಒಂದು ಸಣ್ಣ ಪ್ರಯೋಗ ತೋರಿಸ್ತೀನಿ" ಎಂದು ಮೈಕಿನಲ್ಲಿ ಹೇಳಿದೆ. ಮೂಟೆಯನ್ನು ತೂಗಿ, ಮುಳ್ಳು ಎಲ್ಲಿ ನಿಂತಿತೆಂದು ಆ ದೊಡ್ಡ ಅಧಿಕಾರಿಯಿಂದಲೇ ಓದಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಇಷ್ಟು ಹಗುರ ಎಂದು. ಆಮೇಲೆ ಅದನ್ನು ಬಕೆಟ್ಟಿಗೆ ಸುರಿದು, ನೀರು ಹೊಯ್ದು, "ಇದು ನೆನೀಲಿ. ಅಧ್ಯಕ್ಷರ ಭಾಷಣ ಮುಗಿಯೋ ಹೊತ್ತಿಗೆ ಸರಿಹೋಗುತ್ತೆ" ಎಂದು ಹೋಗಿ ಕುಳಿತೆ. ಅಧ್ಯಕ್ಷರು ನನ್ನ ನಂಬಿಕೆಯನ್ನು ಹುಸಿ ಮಾಡಲಿಲ್ಲ. ಮರುಬಳಕೆಯ ಮಹತ್ವದಿಂದ ಹಿಡಿದು ಮಹಾರಾಜರ ಕಾಲದ ಚರಂಡಿಯವರೆಗೆ ಮಾತಾಡಿದರು. ನೆನೆಯುವ ಕಸದಿಂದ ಮೊದಲು ಕಾಫಿಯ, ಆಮೇಲೆ ಸೋರೆಕಾಯಿಯ, ಆಮೇಲೆ ಹೇಳಲಾಗದ ವಾಸನೆ ಎದ್ದಿತು. ಮುಂದಿನ ಸಾಲಿನವರು ಶಾಲನ್ನು ಮೂಗಿನವರೆಗೆ ಎಳೆದುಕೊಂಡರು.

ಭಾಷಣ ಮುಗಿದ ಮೇಲೆ ನೀರು ಬಸಿದು, ಮತ್ತೆ ಮೂಟೆ ಕಟ್ಟಿ ತೂಗಿದೆ. ಮುಳ್ಳು ಕೆಳಗಿಳಿದು ಒಂದು ಸಲ ಅಲುಗಿ ನಿಂತಿತು. ಅಧಿಕಾರಿ ಓದಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. "ಸ್ವಾಮೀ, ನಮ್ಮ ಬೀದಿ ಸುಧಾರಿಸಿಲ್ಲ, ಒಣಗಿದೆ ಅಷ್ಟೇ" ಎಂದೆ. "ಮಳೆ ಶುರುವಾಗ್ಲಿ, ನಮ್ಮ ಯೋಗ್ಯತೆ ಎಷ್ಟು ಭಾರ ಅಂತ ನೀವೇ ನೋಡ್ತೀರಿ. ಈ ಹೆಂಗಸನ್ನ ಇಲ್ಲಿಂದ ಕಳಿಸಬೇಡಿ. ಗಾಡಿ ದಿನಾ ಬರ್ಲಿ." ಎದುರು ಮನೆಯವರು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ನನ್ನ ಕಡೆ ನೋಡದೆ ಎದ್ದುಹೋದರು. ನನ್ನ ಯಜಮಾನರು ಪಾರ್ಕಿನ ಇನ್ನೊಂದು ತುದಿಯಲ್ಲಿ ಒಂದು ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದರು.

ಗಾಡಿಯಾಕೆ ಉಳಿದಳು. ವರ್ಗಾವಣೆ ರದ್ದಾಯಿತು, ಗಾಡಿ ದಿನವೂ ಬರತೊಡಗಿತು. ನನ್ನನ್ನು ಮಾತ್ರ ಬೀದಿ ಬಿಟ್ಟಿತು. ಎದುರು ಮನೆಯ ಅರಿಶಿನ ಕುಂಕುಮಕ್ಕೆ ಕರೆಯಿಲ್ಲ, ಆ ವರ್ಷದ ಸಂಡಿಗೆಯ ಡಬ್ಬವೂ ಬರಲಿಲ್ಲ. ಹೋಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಡಬ್ಬ ಬಾರದ್ದಕ್ಕೆ ನನಗೆ ಬೇಜಾರಾಗಿತ್ತು. ಎಷ್ಟು ವರ್ಷದ ಸ್ನೇಹ, ಬೇಜಾರಾಗದೆ ಇರುತ್ತದೆಯೇ?

ಇತ್ತ ನಿರೀಕ್ಷಕರು ಪಾಠ ಕಲಿತಿದ್ದರು. ತೂಕ ಬೇಡ, ತೂಕದಲ್ಲಿ ಮೋಸವಿದೆ. ಇನ್ನು ಮೇಲೆ ಬಕೆಟ್ಟಿನ ಲೆಕ್ಕ, ಎಷ್ಟು ಬಕೆಟ್ಟೋ ಅಷ್ಟು ದರ ಎಂದು ಸಾರಿದರು. ನಾನು ನೆಮ್ಮದಿಯ ನಿಟ್ಟುಸಿರುಬಿಟ್ಟೆ. ಬಕೆಟ್ಟಿನಲ್ಲಿ ಏನು ಮೋಸ ಮಾಡಲು ಸಾಧ್ಯ? ನನಗೂ ನಮ್ಮ ಬೀದಿ ಇನ್ನೂ ಪೂರ್ತಿ ತಿಳಿದಿರಲಿಲ್ಲ ಎನ್ನಿ. ಮರುದಿನವೇ ಎದುರು ಮನೆಯಿಂದ ಧಪ್ ಧಪ್ ಎಂದು ಸದ್ದು ಬರತೊಡಗಿತು. ಅವರ ಅಜ್ಜಿಯ ಕಾಲದ ಒನಕೆ ಅಟ್ಟದಿಂದ ಇಳಿದಿತ್ತು. ಮೂರು ಬಕೆಟ್ಟಿನ ಕಸ ಕುಟ್ಟಿ ಕುಟ್ಟಿ ಒಂದರೊಳಗೆ ಕೂತಿತ್ತು. ಒನಕೆ ಇಲ್ಲದವರು ಕಾಲಿಗೆ ಕವರು ಕಟ್ಟಿಕೊಂಡು ತುಳಿದರು.

ಅದರ ಮಾರನೆಯ ಬೆಳಿಗ್ಗೆ ಸೀಟಿ ಕೇಳಿ ಹೊರಗೆ ಬಂದೆ. ಗಾಡಿಯಾಕೆ ಅಧ್ಯಕ್ಷರ ಬಕೆಟ್ಟಿಗೆ ಕೈಹಾಕಿ ಎತ್ತಲು ಹೋದಳು, ಅದು ಅಲುಗಲಿಲ್ಲ. ಎರಡೂ ಕೈ ಹಾಕಿದಳು. ಮೊಣಕಾಲಿನ ತನಕ ಬಂತು, ರಟ್ಟೆ ಹಿಡಿದುಕೊಂಡು ಇಳಿಸಿಬಿಟ್ಟಳು. ಡ್ರೈವರು ಕನ್ನಡಿಯಲ್ಲಿ ನೋಡಿ ಮತ್ತೆ ಮೊಬೈಲಿಗೆ ತಿರುಗಿದ. ಅವಳು ನನ್ನ ಕಡೆ ನೋಡಿದಳು. ಉಳಿಸಿಕೊಟ್ಟದ್ದಕ್ಕೆ ಕೃತಜ್ಞತೆ ಆ ನೋಟದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಇಲ್ಲೇ ಇರು ಅಂತ ನೀವೇ ಅಲ್ವಾ ಅಂದಿದ್ದು? ಬನ್ನಿ, ಆ ಕಡೆ ಹಿಡ್ಕಳಿ" ಎಂದಳು.

ಹಿಡಿದುಕೊಂಡೆ. ಇಬ್ಬರೂ ಸೇರಿ ಎತ್ತಿದೆವು. ಆ ಮನೆಯದಾಯಿತು, ಪಕ್ಕದ್ದಾಯಿತು, ಅದರ ಪಕ್ಕದ್ದೂ ಆಯಿತು. ಅವಳು ನನ್ನನ್ನು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಸೊಂಟ ಕಳಚಿ ಬರುತ್ತಿತ್ತು. ಈ ಭಾರವನ್ನು ಇವಳು ಒಬ್ಬಳೇ ಎತ್ತಬೇಕಾಗಿತ್ತೆಂದು ನೆನೆದು ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನಮ್ಮ ಮನೆಯ ಹತ್ತಿರ ಬರುವಾಗ ಅವಳು ತಲೆಯೆತ್ತಿ ಬಿಸಿಲು ನೋಡಿದಳು. ಅತ್ತೆಯ ತಿಂಡಿಯ ಹೊತ್ತು ಮೀರುತ್ತಿತ್ತು. ಕೊರಳಿನ ಸೀಟಿ ತೆಗೆದು, ಸೆರಗಿನಿಂದ ಒರೆಸಿ, ನನ್ನ ಕೈಗಿಟ್ಟಳು. "ಊದ್ತಾ ಇರಿ. ಅತ್ತೆಗೆ ಉಣ್ಣಾಕಿಕ್ಕಿ ಬಂದ್ಬುಡ್ತೀನಿ" ಎಂದವಳೇ ಓಡಿದಳು.

ನಡುಬೀದಿಯಲ್ಲಿ ನಿಂತು ಊದಿದೆ. ಆಟದ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದ ಅಭ್ಯಾಸ ನನಗೆ, ಸೀಟಿ ಜೋರಾಗಿಯೇ ಬಂತು. ಎದುರು ಮನೆಯ ಬಾಗಿಲು ತೆರೆಯಿತು. ಅವರು ಗಾಡಿಯನ್ನು ನೋಡಿದರು, ಸೀಟಿ ಹಿಡಿದ ನನ್ನನ್ನು ನೋಡಿದರು, ಬೇರೆ ಯಾರಾದರೂ ಇದ್ದಾರೆಯೇ ಎಂದು ಆಚೆ ಈಚೆ ನೋಡಿದರು. ಕೆಳಗಿಳಿಯದ ಡ್ರೈವರನ್ನು ಬಿಟ್ಟರೆ ಯಾರೂ ಇರಲಿಲ್ಲ. ತಾವು ಕುಟ್ಟಿ ತುಂಬಿದ ಬಕೆಟ್ಟಿಗೆ ತಾವೇ ಕೈಹಾಕಿದರು. ಗೇಟಿನವರೆಗೆ ಎಳೆದು ತಂದರು, ನೆಲದಿಂದ ಗೇಣುದ್ದ ಎತ್ತಿದರು, ಅಮ್ಮಾ ಎಂದು ಕೆಳಗಿಟ್ಟು ಸೊಂಟ ಹಿಡಿದುಕೊಂಡು ನಿಂತರು. ನಾನು ಸೀಟಿ ಹಿಡಿದು ಕಾದೆ. ಬಕೆಟ್ಟನ್ನೊಮ್ಮೆ ನೋಡಿ, ಅವರು ನನ್ನತ್ತ ತಿರುಗಿದರು.

"ಒಂಚೂರು ಆ ಕಡೆ ಹಿಡ್ಕೋತೀರೇನ್ರೀ?"

ಸನ್ಮಾನದ ದಿನದಿಂದ ಈಚೆಗೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಆ ಕಡೆ ಹಿಡಿದುಕೊಂಡೆ.